ಹೆದರಿಸೋ ಘಾಟಿ ಬೇರೆ, ಕೊಲ್ಲೋ ಇಳಿಕೆ ಬೇರೆ

"ಪ್ರಪಂಚದ ಹತ್ತು ಅತಿ ಭಯಂಕರ ರಸ್ತೆಗಳು" ಅನ್ನೋ ವಿಡಿಯೊ ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿಗೆ ಬರದ ವಾರವೇ ಇಲ್ಲ. ಕಳಿಸೋನು ನನ್ನ ಬಾಮೈದ. ಅದರಲ್ಲಿ ಜೋಜಿಲಾ ಇದ್ದೇ ಇರುತ್ತೆ. ಹನ್ನೊಂದೂವರೆ ಸಾವಿರ ಅಡಿ ಎತ್ತರ, ಒಂದು ಕಡೆ ಹಿಮದ ಗೋಡೆ, ಇನ್ನೊಂದು ಕಡೆ ಪಾತಾಳ, ಅಂಚಿನ ಮೇಲೇ ಚಕ್ರ ಇಟ್ಕೊಂಡು ತೆವಳೋ ಲಾರಿ. "ಭಾವ, ಇಂಥ ಕಡೆ ಗಾಡಿ ಹೊಡೆದಿದ್ದೀರಾ?" ಅಂತಾನೆ. ಹೊಡೆದಿಲ್ಲಪ್ಪ. ನನ್ನ ಲೈನು ಹಾಸನ–ಮಂಗಳೂರು. ಆಗಾಗ ಹುಬ್ಬಳ್ಳಿ–ಅಂಕೋಲ, ಸತ್ಯಮಂಗಲ, ಸೇಲಂ, ದೂರ ಅಂದ್ರೆ ಪುಣೆ. ಹಿಮ ನಾನು ನೋಡಿರೋದು ಮಲ್ಪೆಯ ಐಸ್ ಪ್ಲಾಂಟಲ್ಲಿ ಮಾತ್ರ.

ಆ ವಿಡಿಯೊಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಅವನ್ನ ನೋಡಿದೋರು ಒಂದು ಲೆಕ್ಕ ಹಾಕ್ತಾರೆ: ತಿರುವು ಜಾಸ್ತಿ ಇದ್ದಷ್ಟೂ, ಕಮರಿ ಆಳ ಇದ್ದಷ್ಟೂ ಲಾರಿಯವನಿಗೆ ಗಂಡಾಂತರ ಅಂತ. ಕ್ಲೀನರ್ ಆಗಿ ಗಾಡಿ ಹತ್ತಿದ ಕಾಲದಿಂದ ನಾನು ಕಂಡಿರೋದು ಹಾಗಿಲ್ಲ. ನೋಡಿದ ತಕ್ಷಣ ಎದೆ ಝಲ್ಲೆನ್ನಿಸೋ ಘಾಟಿಯಲ್ಲಿ ಡ್ರೈವರ್ ಮೈಯೆಲ್ಲ ಕಣ್ಣಾಗಿರ್ತಾನೆ. ಅಗಲಕ್ಕೆ, ನುಣ್ಣಗೆ, ಕಂಡೂ ಕಾಣದ ಹಾಗೆ ಇಳಿಯೋ ರಸ್ತೆಯಲ್ಲಿ ತಾನು ಘಾಟಿ ಇಳೀತಿದ್ದೀನಿ ಅನ್ನೋದೇ ಅವನಿಗೆ ಮರೆತುಹೋಗುತ್ತೆ. ಹೆಣ ಬೀಳೋದು ಅಲ್ಲಿ.

ದಿಂಬಂ ತಗೊಳ್ಳಿ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ದಾರಿ. ಹಾಸನೂರು ದಾಟಿ ದಿಂಬಂ ತುದಿಗೆ ಬಂದ್ರೆ ಅಲ್ಲಿಂದ ಬಣ್ಣಾರಿವರೆಗೆ 27 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರು ಬರೆದಿದ್ದಾರೆ. ಉದ್ದನೆ ಗಾಡಿ ತಿರುಗಬೇಕಾದ್ರೆ ಇಡೀ ರಸ್ತೆ ಬೇಕು. ಮುಖ ಆ ಕಡೆ ಗೋಡೆಗೆ ಮುತ್ತಿಡೋ ಹಾಗೆ ಹೋಗಿ, ಸ್ಟೇರಿಂಗ್ ಪೂರ್ತಿ ಮುರಿದು, ಹಿಂದಿನ ಚಕ್ರ ಒಳಗಿನ ಚರಂಡಿಗೆ ಇಳಿಯದ ಹಾಗೆ ಎಳ್ಕೊಂಡು ಬರಬೇಕು. ಹತ್ತೋನು ಬರ್ತಿದ್ರೆ ಇಳಿಯೋನು ಮೇಲಿನ ತಿರುವಲ್ಲೇ ನಿಂತು ದಾರಿ ಬಿಡಬೇಕು. ಕಾನೂನಲ್ಲೂ ಹಾಗೇ ಇದೆ, ಅಲ್ಲಿ ನಡೆಯೋದೂ ಹಾಗೇ. ಯಾಕಂದ್ರೆ ಏರಲ್ಲಿ ನಿಂತ ಲೋಡ್ ಗಾಡಿಯನ್ನ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಪ್ರತಿ ಡ್ರೈವರಿಗೂ ಗೊತ್ತು. ಕಬ್ಬಿನ ಲಾರಿ ಆದ್ರೆ ಆನೆ ಕಾಟ ಬೇರೆ. ಹಾಸನೂರು ಕಡೆ ಆನೆಗಳು ರಸ್ತೆಗೆ ಬಂದು ನಿಂತು ಸುಂಕ ವಸೂಲಿ ಮಾಡ್ತವೆ. ನಾಲ್ಕು ಜಲ್ಲೆ ಕಬ್ಬು ಎಳ್ಕೊಂಡ ಮೇಲೇ ಪಕ್ಕಕ್ಕೆ ಸರಿಯೋದು. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ರಾತ್ರಿ ಲಾರಿ ಬಿಡೋದಿಲ್ಲ. ಸಂಜೆ ಆರಕ್ಕೆ ಗೇಟು ಬಿದ್ರೆ ಬೆಳಿಗ್ಗೆ ಆರಕ್ಕೇ ತೆಗೆಯೋದು. ಪ್ರಾಣಿಗಳಿಗೋಸ್ಕರ ಮಾಡಿದ್ದು. ಅದರಿಂದ ಡ್ರೈವರಿಗೆ ರಾತ್ರಿ ನಿದ್ದೆ ಸಿಕ್ತು ಅನ್ನೋದನ್ನ ಯಾರೂ ಹೇಳಲ್ಲ, ನಾನು ಹೇಳ್ತೀನಿ.

ದಿಂಬಂನಲ್ಲಿ ಗಾಡಿ ಮಗುಚಲ್ಲ ಅಂತಲ್ಲ, ಮಗುಚುತ್ತೆ. ರಸ್ತೆಗೆ ಅಡ್ಡ ಬಿದ್ದು ಎರಡೂ ಕಡೆ ಮೈಲುಗಟ್ಟಲೆ ಸಾಲು ನಿಲ್ಲುತ್ತೆ. ಆದ್ರೆ ಬಹುಪಾಲು ಬೀಳೋದು ಆಳು ನಡೆಯೋ ವೇಗದಲ್ಲಿ. ಬಣ್ಣಾರಿ ಮಾರಮ್ಮನಿಗೆ ಕೈಮುಗಿದು ಹತ್ತೋನು, ಇಳಿದು ಬಂದು ಮತ್ತೆ ಕೈಮುಗಿಯೋನು, ನಡುವೆ ಒಂದು ಕ್ಷಣವೂ ಸಡಿಲ ಬಿಡಲ್ಲ. ಇನ್ನು ವಿಡಿಯೊಗಳಲ್ಲಿ ತಪ್ಪದೆ ಬರೋ ಆಗುಂಬೆ, ಚಾರ್ಮಾಡಿ? ಆಗುಂಬೆಯ 14 ತಿರುವಿಗೆ ಭಾರಿ ಗಾಡಿಯನ್ನ ಬಿಡೋದೇ ಇಲ್ಲ. ಚಾರ್ಮಾಡಿಯಲ್ಲೂ ನಮಗೆ ಪ್ರವೇಶ ಇಲ್ಲ. ನಾನು ಆಗುಂಬೆ ನೋಡಿರೋದು ಮದುವೆಗೆ ಹೋಗುವಾಗ, ಬಸ್ಸಿನ ಕಿಟಕಿ ಸೀಟಲ್ಲಿ ಕೂತು.

ಈಗ ತೊಪ್ಪೂರಿಗೆ ಬನ್ನಿ. ಬೆಂಗಳೂರಿಂದ ಸೇಲಂಗೆ ಹೋಗುವಾಗ ಧರ್ಮಪುರಿ ದಾಟಿದ ಮೇಲೆ ಸಿಗುತ್ತೆ. ಚತುಷ್ಪಥ, ಡಾಂಬರು ಕನ್ನಡಿ ಥರ, ಹೇರ್‌ಪಿನ್ ಒಂದೂ ಇಲ್ಲ. ಕಾರಿನವರಿಗೆ ಅದು ಘಾಟಿ ಅಂತ ಗೊತ್ತೇ ಆಗಲ್ಲ, ಕುರುಕಲು ತಿಂತಾ ಹಾಡು ಕೇಳ್ತಾ ಇಳಿದುಹೋಗ್ತಾರೆ. 2020ರ ಡಿಸೆಂಬರಲ್ಲಿ ಸಿಮೆಂಟು ತುಂಬಿದ್ದ ಒಂದು ಲಾರಿ ಅಲ್ಲಿ ಹಿಡಿತ ತಪ್ಪಿ ನಿಂತಿದ್ದ ಸಾಲು ಸಾಲು ಕಾರುಗಳ ಮೇಲೆ ನುಗ್ಗಿತು, ನಾಲ್ಕು ಜನ ಸತ್ತರು. 2024ರ ಜನವರಿಯಲ್ಲಿ ಅದೇ ಇಳಿಕೆಯಲ್ಲಿ ಮತ್ತೊಂದು, ಮತ್ತೆ ನಾಲ್ಕು ಜನ. ಈ ಎರಡರ ನಡುವೆ ಪೇಪರಿಗೆ ಬಾರದವು ಎಷ್ಟೋ. ತಮಿಳು ಡ್ರೈವರ್‌ಗಳ ಹತ್ರ ತೊಪ್ಪೂರು ಅಂದು ನೋಡಿ, ನಾಲಿಗೆ ಕಚ್ಕೋತಾರೆ.

ಪುಣೆಯದೂ ಇದೇ ಕಥೆ. ನಮ್ಮ ಕಡೆಯಿಂದ ಹೋಗೋರು ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ಒಂದೇ ಸಮ ಇಳಿಕೆ. ಇಕ್ಕೆಲದಲ್ಲಿ ಅಪಾರ್ಟ್‌ಮೆಂಟು, ಹೋಟೆಲ್ಲು, ಶೋರೂಮು. ಯಾರಿಗೆ ಅನ್ನಿಸುತ್ತೆ ಇದು ಘಾಟಿ ಅಂತ? ಊರು ಬಂತು, ಟೀ ಕುಡಿಯೋಣ ಅನ್ನಿಸುತ್ತೆ. 2022ರ ನವೆಂಬರ್ 20ರ ರಾತ್ರಿ ಒಂದೇ ಲಾರಿ 48 ವಾಹನಗಳಿಗೆ ಗುದ್ದಿತು. ಮೊದಲು ಎಲ್ಲರೂ ಬ್ರೇಕ್ ಫೇಲ್ ಅಂದ್ರು. ಆಮೇಲೆ ತನಿಖೆಯಲ್ಲಿ ಹೊರಬಂದಿದ್ದು, ಡೀಸೆಲ್ ಉಳಿಸೋಕೆ ಡ್ರೈವರ್ ಇಳಿಕೆಯಲ್ಲಿ ಎಂಜಿನ್ನೇ ಆಫ್ ಮಾಡಿದ್ದ ಅಂತ. 2025ರ ನವೆಂಬರಲ್ಲಿ ಅದೇ ಜಾಗದಲ್ಲಿ ಒಂದು ಕಂಟೇನರ್ ಲಾರಿ ನುಗ್ಗಿ, ಕಾರೊಂದು ಎರಡು ಲಾರಿ ನಡುವೆ ಅಪ್ಪಚ್ಚಿಯಾಗಿ, ಬೆಂಕಿ ಹತ್ತಿ ಎಂಟು ಜನ ಹೋದ್ರು.

ಇಳಿಕೆಯಲ್ಲಿ ನ್ಯೂಟ್ರಲ್ ಹೊಡೆಯೋ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಕಾರಿನವರಿಗೂ ಈ ಚಟ ಇದೆ. ಇಳಿಕೆಯಲ್ಲಿ ಗೇರ್ ತೆಗೆದುಬಿಟ್ರೆ ಎಂಜಿನ್ ಗಾಡಿಯನ್ನ ಹಿಡಿದಿಟ್ಟುಕೊಳ್ಳೋದನ್ನ ಬಿಟ್ಟುಬಿಡುತ್ತೆ. ಗಾಡಿ ಹಗುರ ಆದ ಹಾಗೆ, ಹಾರಿದ ಹಾಗೆ ಓಡುತ್ತೆ, ಕಿವಿಗೂ ಹಿತ. ಆಮೇಲೆ ಆ ಇಪ್ಪತ್ತೈದು ಮೂವತ್ತು ಟನ್ನನ್ನ ಹಿಡಿಯೋ ಕೆಲಸ ಪೂರ್ತಿ ಚಕ್ರದ ಡ್ರಮ್ಮನ್ನ ಒತ್ತಿ ಹಿಡಿಯೋ ಬ್ರೇಕ್ ಲೈನರಿನ ತಲೆಮೇಲೆ. ಕೀಲಿ ಬೇರೆ ಆಫ್ ಮಾಡಿದ್ರೆ ಪವರ್ ಸ್ಟೇರಿಂಗ್ ಕಲ್ಲಾಗುತ್ತೆ, ಗಾಳಿ ತುಂಬೋ ಕಂಪ್ರೆಸರ್ ನಿಂತುಹೋಗುತ್ತೆ. ಟ್ಯಾಂಕಲ್ಲಿ ಇರೋ ಗಾಳಿಯಷ್ಟೇ ಗತಿ. ನಾಲ್ಕು ಸಲ ಜೋರಾಗಿ ಪೆಡಲ್ ತುಳಿದ್ರೆ ಗೇಜಿನ ಮುಳ್ಳು ಇಳಿಯೋದು ಕಣ್ಣಿಗೆ ಕಾಣುತ್ತೆ. ಇಷ್ಟೆಲ್ಲ ಮಾಡಿ ಉಳಿಯೋದೇನು? ಈಗಿನ ಎಂಜಿನ್‌ಗಳಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಡೀಸೆಲ್ ಹೋಗೋದೇ ನಿಂತುಬಿಡುತ್ತೆ. ನ್ಯೂಟ್ರಲಲ್ಲಿ ಎಂಜಿನ್ ಐಡಲ್ ಓಡ್ತಾ ಇರೋದ್ರಿಂದ ಕುಡೀತಾನೇ ಇರುತ್ತೆ. ಅಂದ್ರೆ ಎಂಜಿನ್ ಓಡಿಸ್ಕೊಂಡು ನ್ಯೂಟ್ರಲ್ ಹೊಡೆಯೋನು ಉಳಿಸ್ತಿಲ್ಲ, ಸುಡ್ತಿದ್ದಾನೆ. ಇದನ್ನ ಹುಡುಗರಿಗೆ ಹೇಳಿದ್ರೆ ನಂಬಲ್ಲ. "ಅಣ್ಣ, ನಮ್ಮ ಓನರ್ರೇ ಹೇಳಿದ್ದಾರೆ" ಅಂತಾರೆ. ಓನರ್ ಆವರೇಜು ಲೆಕ್ಕ ಕೇಳ್ತಾನೆ, ಹೆಚ್ಚಿಗೆ ಸುಟ್ಟ ಲೀಟರಿನ ದುಡ್ಡು ಸಂಬಳದಲ್ಲಿ ಹಿಡೀತಾನೆ. ಹುಡುಗನ ತಲೆಯಲ್ಲಿ ಆ ಲೀಟರ್ ಕೂತಿರುತ್ತೆ, ಇಳಿಕೆ ಕೂತಿರಲ್ಲ.

ಬ್ರೇಕ್ ಫೇಲ್ ಅಂತ ಪೇಪರಲ್ಲಿ ಬಂದಾಗ ಜನ ಏನೋ ಪೈಪು ತುಂಡಾಯ್ತು ಅಂದ್ಕೋತಾರೆ. ಏರ್ ಬ್ರೇಕಿನ ಲಾರಿಯಲ್ಲಿ ಗಾಳಿ ಪೂರ್ತಿ ಖಾಲಿಯಾದ್ರೆ ಹಿಂದಿನ ಚಕ್ರದ ಸ್ಪ್ರಿಂಗ್ ಬ್ರೇಕ್ ತಾನಾಗೇ ಕಚ್ಚಿ ಹಿಡಿಯುತ್ತೆ, ಗಾಡಿ ನಿಲ್ಲುತ್ತೆ. ಘಾಟಿಯಲ್ಲಿ ಬಹಳ ಸಲ ಆಗೋದು ಬ್ರೇಕು ಬೆಂದುಹೋಗೋದು. ಒಂದೇ ಸಮ ಪೆಡಲ್ ಮೇಲೆ ಕಾಲಿಟ್ಟು ಇಳಿದ್ರೆ ಡ್ರಮ್ಮು ಕಾದು ಹಿಗ್ಗಿ ಲೈನರಿಂದ ದೂರ ಸರಿಯುತ್ತೆ, ಲೈನರ್ ಮೇಲೆ ಗಾಜಿನ ಹಾಗೆ ನುಣುಪು ಕೂತುಬಿಡುತ್ತೆ. ಪೆಡಲ್ ತುಳಿದ್ರೆ ಗಾಳಿ ಹೋಗುತ್ತೆ, ಉಸ್ಸಂತ ಸದ್ದೂ ಬರುತ್ತೆ, ಗಾಡಿ ಮಾತ್ರ ಕೇಳಲ್ಲ. ಅಂಥ ಹೊತ್ತಲ್ಲಿ ಸ್ಪ್ರಿಂಗ್ ಬ್ರೇಕ್ ಹಾಕಿದ್ರೂ ಅದು ಒತ್ತೋದು ಅದೇ ಬೆಂದ ಲೈನರನ್ನೇ ತಾನೆ. ಡಿಪ್ಲೊಮಾ ಓದ್ತಿರೋ ನನ್ನ ಮಗಳು ಒಂದಿನ ಲೆಕ್ಕ ಹಾಕಿ ತೋರಿಸಿದಳು. ಹತ್ತು ಚಕ್ರದ ಗಾಡಿ, ಒಟ್ಟು ತೂಕ 28.5 ಟನ್ (2018ಕ್ಕೆ ಮೊದಲು 25 ಟನ್ ಇತ್ತು, ಆ ವರ್ಷ ಕೇಂದ್ರ ಸರ್ಕಾರ ಮಿತಿ ಏರಿಸಿತು). ನನ್ನ ಲೈನಿನ ಶಿರಾಡಿ ಘಾಟಿಯಲ್ಲಿ ಸಕಲೇಶಪುರದಿಂದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳೀತೀವಿ. ಅಷ್ಟು ಇಳಿಯುವಾಗ ಹುಟ್ಟೋ ಶಾಖದಲ್ಲಿ ಏಳುನೂರು ಲೀಟರ್ ತಣ್ಣೀರನ್ನ ಕುದಿಸಬಹುದಂತೆ. ಮೂರೂವರೆ ಬ್ಯಾರಲ್ ನೀರು. ಒಂದಷ್ಟನ್ನ ಗಾಳಿ, ಟೈರು ನುಂಗ್ತವೆ. ಉಳಿದಿದ್ದನ್ನ ಎಂಜಿನ್ ತಿನ್ನಬೇಕು, ಇಲ್ಲ ಡ್ರಮ್ಮು ತಿನ್ನಬೇಕು.

ನಾನು ಕ್ಲೀನರ್ ಆಗಿದ್ದಾಗಿನ ಡ್ರೈವರಣ್ಣ ಹೊಳೆನರಸೀಪುರದ ಕಡೆಯೋರು, ಓದಿದ್ದು ನಾಲ್ಕನೇ ಕ್ಲಾಸು. ಲೆಕ್ಕ ಗೊತ್ತಿರಲಿಲ್ಲ, ಆದ್ರೆ "ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳಿ" ಅನ್ನೋದನ್ನ ದಿನಕ್ಕೆರಡು ಸಲ ಹೇಳೋರು. ಇಳಿಕೆ ಶುರುವಾಗೋ ಮುಂಚಿನ ದೋಣಿಗಾಲ್ ಬಂತು ಅಂದ್ರೆ ಗಾಡಿ ಪಕ್ಕಕ್ಕೆ ಹಾಕೋರು. ನಾನು ಇಳಿದು ಪ್ರತಿ ಚಕ್ರದ ಹತ್ರ ಹೋಗಿ ಕೈಯ ಹಿಂಭಾಗ ಡ್ರಮ್ಮಿನ ಸನಿಹ ಹಿಡಿದು ಬಿಸಿ ನೋಡಿ ಹೇಳ್ಬೇಕು. ಒಂದು ಚಕ್ರ ಬಿಸಿ, ಇನ್ನೊಂದು ತಣ್ಣಗೆ ಇದ್ರೆ ಬ್ರೇಕು ಸಮ ಇಲ್ಲ ಅಂತ. ಬ್ರೇಕು ಬಿಗಿ ಮಾಡೋ ಅಡ್ಜಸ್ಟರ್‌ಗೆ ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿ, ಟಾರ್ಪಾಲಿನ ಹಗ್ಗ ಜಗ್ಗಿ ನೋಡಿ, ಬೀಡಿ ಮುಗಿಸಿ, ಆಮೇಲೆ ಹೊರಡೋದು. ಇಳಿಯುವಾಗ, ಎಂಜಿನ್ ಹೊಗೆಯನ್ನ ತಡೆದು ಗಾಡಿ ನಿಧಾನ ಮಾಡೋ ಎಕ್ಸಾಸ್ಟ್ ಬ್ರೇಕಿನ ಗುಟುರು ಕೇಳ್ತಾ ಇರಬೇಕು. ಕಾಲಿನ ಬ್ರೇಕು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ, ಆಮೇಲೆ ಪೂರ್ತಿ ಬಿಡಬೇಕು. ಸುಟ್ಟ ವಾಸನೆ ಬಂತೋ, ನಿಲ್ಲಿಸಿ ಅರ್ಧ ಗಂಟೆ. ಕಾದ ಡ್ರಮ್ಮಿಗೆ ನೀರು ಹೊಯ್ಯೋಕೆ ಹೋದ ಇನ್ನೊಂದು ಗಾಡಿಯ ಹುಡುಗನನ್ನ ಅವರು ಅಟ್ಟಿಸ್ಕೊಂಡು ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ಡ್ರಮ್ಮು ಸೀಳುತ್ತೆ ಹಾಗೆ ಮಾಡಿದ್ರೆ.

ಅದು ಕಬ್ಬಿಣದ ಅದಿರಿನ ಕಾಲ. ಹೊಸಪೇಟೆ, ಸಂಡೂರಿಂದ ಹೊರಟ ಕೆಂಪು ಧೂಳಿನ ಲಾರಿಗಳು ಚಿತ್ರದುರ್ಗ, ಹಾಸನ ದಾಟಿ ಶಿರಾಡಿ ಇಳಿದು ಪಣಂಬೂರು ಬಂದರಿಗೆ, ಇನ್ನೊಂದು ಸಾಲು ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಾಟಿ ಇಳಿದು ಬೇಲೆಕೇರಿಗೆ. ಒಂದರ ಬಾಲಕ್ಕೆ ಇನ್ನೊಂದು. ಎಲ್ಲ ಓವರ್‌ಲೋಡು. ಶಿರಾಡಿ ರಸ್ತೆ ಅನ್ನೋದು ಆಗ ರಸ್ತೆಯಾಗಿ ಉಳಿದಿರಲಿಲ್ಲ. ಗುಂಡಿಯೊಳಗೆ ಇಳಿದ ಆರು ಚಕ್ರದ ಗಾಡಿ ಆ ಕಡೆ ಎದ್ದು ಬರೋದನ್ನ ಕಾಯ್ತಾ ನಿಲ್ತಿದ್ವಿ. ಆಕ್ಸಲ್ ಮುರಿದು ಒಂದು ಗಾಡಿ ನಿಂತ್ರೆ ಮಾರನಹಳ್ಳಿಯಿಂದ ಗುಂಡ್ಯದವರೆಗೆ ರಾತ್ರಿಯಿಡೀ ಜಾಮು. ಬೆಂಗಳೂರು ಬಸ್ಸಿನ ಜನ ನಮ್ಮನ್ನ ಬಯ್ಯೋರು, ನಾವು ಮುಂದಿನ ಗಾಡಿಯವನನ್ನ ಬಯ್ಯೋದು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು, ಸಾಲ ಮಾಡಿ ಲಾರಿ ತೆಗೆದೋರೆಲ್ಲ ಬೀದಿಗೆ ಬಂದ್ರು. ಅದು ಬೇರೆಯೇ ಕಥೆ.

ಆ ಗುಂಡಿ ರಸ್ತೆಯಲ್ಲಿ ಸ್ಪ್ರಿಂಗ್ ಪ್ಲೇಟು ಮುರೀತಿತ್ತು, ಟೈರು ಸಿಡೀತಿತ್ತು, ಸೊಂಟ ಹೋಗ್ತಿತ್ತು. ಆದ್ರೆ ವೇಗದಲ್ಲಿ ಯಾರೂ ಇಳೀತಿರಲಿಲ್ಲ, ಇಳಿಯೋಕೆ ರಸ್ತೆಯೇ ಬಿಡ್ತಿರಲಿಲ್ಲ. ಆಮೇಲೆ ಕಾಂಕ್ರೀಟ್ ಬಂತು. 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಮಾರನಹಳ್ಳಿ ಕಡೆಯದು ಮಾಡಿದ್ರು, 2018ರಲ್ಲಿ ಮತ್ತೆ ಜನವರಿಯಿಂದ ಮುಚ್ಚಿ ಕೆಂಪುಹೊಳೆಯಿಂದ ಅಡ್ಡಹೊಳೆವರೆಗಿನದು. ಜುಲೈಯಲ್ಲಿ ತೆಗೆದ್ರು, ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು! ಇರಲಿ, ರಸ್ತೆ ಮಾತ್ರ ಚೆನ್ನಾಗಾಯ್ತು, ಅದನ್ನ ಇಲ್ಲ ಅನ್ನೋಕಾಗಲ್ಲ. ಆದ್ರೆ ಈಗ ಗುಂಡ್ಯದ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ ಕೂತ್ರೆ ಇಳಿದು ಬರೋ ಹತ್ತರಲ್ಲಿ ಮೂರು ನಾಲ್ಕು ಗಾಡಿಯ ಚಕ್ರದಿಂದ ಹೊಗೆ ವಾಸನೆ ಮೂಗಿಗೆ ಹೊಡೆಯುತ್ತೆ. ಗುಂಡಿ ಇದ್ದಾಗ ಆ ವಾಸನೆ ಅಷ್ಟಿರಲಿಲ್ಲ. ಘಾಟಿ ಮುಗಿದು ನೆಟ್ಟಗಿನ ದಾರಿ ಬಂದ ಮೇಲೂ ಅದೇ ವೇಗ ಕಾಲಲ್ಲಿ ಉಳಿದಿರುತ್ತೆ. ಉಪ್ಪಿನಂಗಡಿ ಹತ್ರ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಮನೆಗಳಲ್ಲಿದ್ದ ಜನ ಸತ್ತ ಜಾಗ ಘಾಟಿಯೇ ಅಲ್ಲ. ಹೆದ್ದಾರಿಯ ಒಂದು ಮಾಮೂಲಿ ತಿರುವು. ಆ ದಾರಿಯಲ್ಲಿ ಹೋಗುವಾಗ ಈಗಲೂ ಆ ಜಾಗದಲ್ಲಿ ನಾನು ಮಾತು ನಿಲ್ಲಿಸ್ತೀನಿ.

ಲೋಡಿನ ಮೇಲೂ ಘಾಟಿ ಬದಲಾಗುತ್ತೆ. ಗೊಬ್ಬರದ ಚೀಲ, ಅಕ್ಕಿ ಚೀಲ ಒಳ್ಳೆ ಮಕ್ಕಳ ಥರ ಕೂತಲ್ಲೇ ಕೂತಿರ್ತವೆ. ಪಾಮಾಯಿಲ್ ಟ್ಯಾಂಕರ್ ಅರ್ಧ ತುಂಬಿದ್ರೆ ಪೂರ್ತಿ ತುಂಬಿದ್ದಕ್ಕಿಂತ ಕಷ್ಟ. ತಿರುವಲ್ಲಿ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಬಂದು ಗಾಡಿಯನ್ನ ಆ ಕಡೆ ತಳ್ಳುತ್ತೆ. ಮರದ ದಿಮ್ಮಿ, ಗ್ರಾನೈಟ್ ಕಲ್ಲು ಸರಪಳಿ ಸಡಿಲ ಆದ್ರೆ ಕ್ಯಾಬಿನ್ನಿಗೇ ಬರ್ತವೆ. ಎಲ್ಲಕ್ಕಿಂತ ಕೆಟ್ಟ ಲೋಡು ಅಂದ್ರೆ ಮೇಲೆ ಕೂತ ಜನ. 2025ರ ಜನವರಿ 22ರಂದು ಸವಣೂರಿಂದ ಕುಮಟಾ ಸಂತೆಗೆ ತರಕಾರಿ ಹಣ್ಣು ತುಂಬ್ಕೊಂಡು ಹೊರಟ ಲಾರಿ ಯಲ್ಲಾಪುರ ದಾಟಿದ ಮೇಲೆ ಬೆಳಗಿನ ಜಾವ ರಸ್ತೆ ಬಿಟ್ಟು ಕಂದಕಕ್ಕೆ ಉರುಳಿತು. ಎದುರು ಬಂದ ಗಾಡಿಗೆ ಸೈಡ್ ಕೊಡೋಕೆ ಹೋಗಿ ಹಾಗಾಯ್ತು ಅಂದ್ರು. ಹತ್ತು ಜನ ವ್ಯಾಪಾರಿಗಳು ತಮ್ಮ ತರಕಾರಿ ಮೂಟೆಗಳ ಕೆಳಗೇ ಹೋದ್ರು. ಆ ಲೈನಿನ ಸಂತೆ ಲಾರಿಗಳನ್ನ ಕಂಡೋರಿಗೆ ಗೊತ್ತು: ವ್ಯಾಪಾರಿ ಬಸ್ಸಲ್ಲಿ ಬಂದ್ರೆ ಸಂತೆ ಹೊತ್ತಿಗೆ ಮುಟ್ಟಲ್ಲ, ಮಾಲಿನ ಜೊತೆ ಬಂದ್ರೆ ಟಿಕೆಟ್ ದುಡ್ಡೂ ಉಳಿಯುತ್ತೆ. ತಪ್ಪು ಯಾರದು ಅಂತ ಕೇಳೋಕೆ ಮುಂಚೆ ಸವಣೂರಿಂದ ಕುಮಟೆಗೆ ರಾತ್ರಿ ಒಂದು ಬಸ್ಸಿನ ಮೇಲೆ ಎಷ್ಟು ಮೂಟೆ ಹಾಕೋಕೆ ಬಿಡ್ತಾರೆ ಅಂತ ಕೇಳಿ ನೋಡಿ.

ಹತ್ತೋದರ ಬಗ್ಗೆ ನಾನೇನೂ ಹೇಳಲಿಲ್ಲ. ಹತ್ತುವಾಗ ಪ್ರಾಣ ಹೋಗೋದು ಕಡಿಮೆ, ಮಾನ ಹೋಗೋದು ಜಾಸ್ತಿ. ಕ್ಲಚ್ಚು ಸುಟ್ಟು ನಡುರಸ್ತೆಯಲ್ಲಿ ನಿಂತ್ರೆ ಇಡೀ ಘಾಟಿಯ ಜನ ಬಯ್ದುಕೊಂಡು ಹೋಗ್ತಾರೆ. ಹಿಂದೆ ಜಾರದಿರಲಿ ಅಂತ ಚಕ್ರಕ್ಕೆ ಕಲ್ಲು ಕೊಡ್ತೀವಲ್ಲ, ಅದರ ಬಗ್ಗೆ ಮಾತ್ರ ಒಂದು ಮಾತು. ಗಾಡಿ ಹೊರಟ ಮೇಲೆ ಆ ಕಲ್ಲನ್ನ ಎತ್ತಿ ಪಕ್ಕಕ್ಕೆ ಹಾಕದೆ ಹೋಗೋ ಕಳ್ಳರಿದ್ದಾರೆ. ರಾತ್ರಿ ಬೈಕಿನವನಿಗೆ ಆ ಕಲ್ಲೇ ಯಮ. ಇದಕ್ಕೆ ನನ್ನ ಹತ್ರ ಸಮಜಾಯಿಷಿ ಇಲ್ಲ, ನಮ್ಮೋರೇ ಮಾಡೋದು.

ಕಲ್ಲು ಕೊಡೋಕೆ, ಎತ್ತೋಕೆ ಕ್ಲೀನರ್ ಇರಬೇಕಿತ್ತು. ಈಗ ಕ್ಲೀನರ್ ಎಲ್ಲಿದ್ದಾನೆ? ಹುಡುಗರು ಈ ಕೆಲಸಕ್ಕೆ ಬರಲ್ಲ, ಬಂದ್ರೆ ಓನರ್ ಎರಡನೇ ಆಳಿಗೆ ಬಾಟಾ ಕೊಡಲ್ಲ. ಹನ್ನೆರಡು ಚಕ್ರದ ಗಾಡಿಯಲ್ಲಿ ಒಬ್ಬನೇ ಡ್ರೈವರ್ ಪಣಂಬೂರಿಂದ ಬೆಂಗಳೂರಿಗೆ ಹೊಡೀತಾನೆ. ಮೊದಲು ಎಡಗಡೆ ನೋಡೋಕೆ ಒಂದು ಜೊತೆ ಕಣ್ಣಿತ್ತು. ಮಂಜು ಕವಿದಾಗ ದೋಣಿಗಾಲ್ ಹತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬರಲಿ ಬರಲಿ, ಸಾಕು" ಅನ್ನೋ ಬಾಯಿತ್ತು. ಮೂರು ಗಂಟೆ ರಾತ್ರಿಯಲ್ಲಿ ಡ್ರೈವರಣ್ಣನ ತಲೆ ಸ್ವಲ್ಪ ವಾಲಿತು ಅಂದ್ರೆ ಭುಜ ಅಲ್ಲಾಡಿಸೋ ಕೈಯಿತ್ತು. ಈಗ ಆ ಜಾಗದಲ್ಲಿ ಮೊಬೈಲು ನೇತಾಡ್ತಿದೆ. ಅದರಲ್ಲಿ ಬ್ರೋಕರ್ ಫೋನು ಮಾಡಿ "ಎಲ್ಲಿದ್ದೀಯ, ಎಷ್ಟೊತ್ತಿಗೆ ಪಾಯಿಂಟ್ ಮುಟ್ತೀಯ" ಅಂತಾನೆ. ಹೊಸ ಲಾರಿಗಳಿಗೆ 2025ರ ಅಕ್ಟೋಬರಿಂದ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ, ಒಳ್ಳೇದು. ಎಸಿ ಹಾಕಿದ್ರೆ ನಿದ್ದೆ ಬರುತ್ತೆ ಅಂತ ಗೊಣಗೋರೂ ಇದ್ದಾರೆ. ಏಪ್ರಿಲಲ್ಲಿ ನೆಲ್ಯಾಡಿಯ ಸೆಕೆಯಲ್ಲಿ ಎಂಜಿನ್ ಪಕ್ಕ ಒಂದಿಡೀ ಮಧ್ಯಾಹ್ನ ಕೂತು ಆಮೇಲೆ ಗೊಣಗಲಿ.

ಇಷ್ಟೆಲ್ಲ ಡ್ರೈವರನ ಕೈಲಿರೋದು, ಓನರಿನ ಕೈಲಿರೋದು. ಮಳೆ ಯಾರ ಕೈಲೂ ಇಲ್ಲ. 2024ರ ಜುಲೈ ತಿಂಗಳನ್ನ ಈ ಲೈನಿನವರು ಯಾರೂ ಮರೆಯಲ್ಲ. ಜುಲೈ 16ರ ಬೆಳಿಗ್ಗೆ ಅಂಕೋಲ ತಾಲೂಕಿನ ಶಿರೂರಲ್ಲಿ ಗುಡ್ಡ ಇಡಿಯಾಗಿ ಹೆದ್ದಾರಿ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ರಸ್ತೆ ಪಕ್ಕದ ಚಹದಂಗಡಿಯ ಸಂಸಾರ ಹೋಯ್ತು. ಅಲ್ಲಿ ನಿಂತಿದ್ದ ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ಜೊಯಿಡಾ ಕಡೆಯಿಂದ ಮರದ ಲೋಡು ಹೊತ್ತು ಕೇರಳಕ್ಕೆ ಹೊರಟಿದ್ದ ಲಾರಿ ಎಲ್ಲಿ ಅಂತ ಎರಡು ತಿಂಗಳಿಗೂ ಮೇಲೆ ಹುಡುಕಿದ್ರು, ಗೋವಾದಿಂದ ಡ್ರೆಜರ್ ತರಿಸಿ ಸೆಪ್ಟೆಂಬರ್ 25ಕ್ಕೆ ನದಿಯಿಂದ ಎತ್ತಿದಾಗ ಡ್ರೈವರ್ ಕ್ಯಾಬಿನ್ನಲ್ಲೇ ಇದ್ದ. ಅವನು ನ್ಯೂಟ್ರಲ್ ಹೊಡೆದಿರಲಿಲ್ಲ, ಬ್ರೇಕು ಬೇಯಿಸಿರಲಿಲ್ಲ, ವೇಗದಲ್ಲಿ ಇರಲಿಲ್ಲ. ಗಾಡಿ ನಿಲ್ಲಿಸಿದ್ದ, ಅಷ್ಟೇ. ನಾಲ್ಕು ಲೇನ್ ಮಾಡೋಕೆ ಗುಡ್ಡದ ಬುಡವನ್ನ ನೆಟ್ಟಗೆ ಕಡಿದ ಕಡೆಯೆಲ್ಲ ಇನ್ನು ಮೇಲೆ ನಿಲ್ಲಿಸೋಕೂ ಹೆದರಿಕೆ. ಅದೇ ತಿಂಗಳು ಸಕಲೇಶಪುರದ ಹತ್ರ ದೊಡ್ಡತಪ್ಪಲೆಯಲ್ಲೂ ಗುಡ್ಡ ಜಾರಿ ಗಾಡಿಗಳು ಕೆಸರಲ್ಲಿ ಹೂತವು, ಶಿರಾಡಿ ಬಂದ್ ಆಯ್ತು.

ಶಿರಾಡಿ ಬಂದ್ ಅಂದ್ರೆ ಟಿವಿಯವರಿಗೆ ಒಂದು ಸಾಲು. ನಮಗೆ ಅದರ ಅರ್ಥ ಹೀಗೆ: ಚಾರ್ಮಾಡಿಗೆ ಬಿಡಲ್ಲ, ಬಿಸಿಲೆ ನಮ್ಮ ಗಾಡಿಗೆ ಅಲ್ಲ, ಸಂಪಾಜೆಯಲ್ಲಿ 2018ರ ಮಳೆಗೆ ಜೋಡುಪಾಲದ ಗುಡ್ಡ ಬಂದಿದ್ದು ನೆನಪಿರೋ ಅಧಿಕಾರಿಗಳು ಮಳೆ ಜೋರಾದ ತಕ್ಷಣ ಭಾರಿ ವಾಹನ ನಿಲ್ಲಿಸ್ತಾರೆ. ಉಳಿಯೋದು ಶಿವಮೊಗ್ಗದ ಮೇಲೆ ಹುಲಿಕಲ್ ಘಾಟಿ, ಕುಂದಾಪುರಕ್ಕೆ ಇಳಿಯೋದು. ಅಲ್ಲಿ ಅಮ್ಮನವರ ಗುಡಿ ಮುಂದೆ ಗಾಡಿ ನಿಧಾನ 🙏 ಮಾಡದೆ ಹೋಗೋ ಡ್ರೈವರನ್ನ ನಾನು ಕಂಡಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಅದೂ ಒಂದು, ಇಕ್ಕಟ್ಟು ಬೇರೆ. ಒಂದು ಘಾಟಿ ಮುಚ್ಚಿದ ಭಾರವೆಲ್ಲ ಇನ್ನೊಂದು ಬಡ ಘಾಟಿ ಮೇಲೆ. ಹೆಚ್ಚಿಗೆ ಓಡಿದ ಡೀಸೆಲ್ಲಿಗೆ ಬಾಡಿಗೆ ಕೊಟ್ಟೋನು ಒಂದು ರೂಪಾಯಿ ಸೇರಿಸಲ್ಲ. "ಅದು ನಿಮ್ಮ ತಲೆನೋವು" ಅಂದಿದ್ದಾನೆ ಒಬ್ಬ, ಅವನ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಎದುರು ಕೂರಿಸ್ಕೊಂಡು ಟೀ ಕುಡಿಸ್ತಾ.

ಸುರಂಗ ಮಾಡ್ತೀವಿ, ಎತ್ತರದ ಸೇತುವೆ ಮಾಡ್ತೀವಿ ಅಂತ ವರ್ಷಗಳಿಂದ ಕೇಳ್ತಾ ಇದ್ದೀವಿ. ಮಾಡಲಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಕಡಿಮೆ ಖರ್ಚಿನದೊಂದು ಕೇಳ್ತೀನಿ. ದೋಣಿಗಾಲ್ ಹತ್ರ, ಇಳಿಕೆ ಶುರುವಾಗೋ ಮುಂಚೆ, ಒಂದಿಪ್ಪತ್ತು ಲಾರಿ ರಸ್ತೆಯಿಂದ ಪೂರ್ತಿ ಆಚೆ ನಿಲ್ಲೋ ಹಾಗೆ ಸಮತಟ್ಟಾದ ಜಾಗ. ಲೈಟು, ನಲ್ಲಿ, ಕಕ್ಕಸು. ಗಾಳಿ ಹಿಡಿಯೋಕೊಂದು ಕಂಪ್ರೆಸರ್. ಬ್ರೇಕು ನೋಡದೆ ಭಾರಿ ಗಾಡಿ ಮುಂದೆ ಬಿಡಲ್ಲ ಅಂತ ಒಬ್ಬ ಪೊಲೀಸು. ಲೈಸೆನ್ಸ್ ಕೇಳೋನು ಬೇಡ, ಡ್ರಮ್ಮು ಮುಟ್ಟಿ ನೋಡೋನು ಬೇಕು. ಕೆಳಗೆ, ತಿರುವಿನ ಎದುರು ಎಲ್ಲಾದ್ರೂ ಜಾಗ ಇದ್ರೆ ದಪ್ಪ ಜಲ್ಲಿ ಸುರಿದ ಒಂದು ಏರುದಾರಿ, ಬ್ರೇಕು ಬಿಟ್ಟ ಗಾಡಿಯನ್ನ ಅದಕ್ಕೆ ನುಗ್ಗಿಸಿದ್ರೆ ಜಲ್ಲಿಯಲ್ಲಿ ಹೂತು ನಿಲ್ಲುತ್ತೆ. ನಾನು ಓಡಾಡೋ ಶಿರಾಡಿಯಲ್ಲಾಗಲಿ ಅರಬೈಲಿನಲ್ಲಾಗಲಿ ಅಂಥದ್ದನ್ನ ನೋಡಿಲ್ಲ. ಹಾಸನದಲ್ಲಿ ನಡೆದ ಒಂದು ರಸ್ತೆ ಸುರಕ್ಷತೆ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ. ಅರ್ಜಿ ಬರೆದುಕೊಡಿ ಅಂದ್ರು. ಕೊಟ್ಟಿದ್ದೀನಿ, ಮಗಳು ಟೈಪ್ ಮಾಡಿಕೊಟ್ಟಳು. ಆ ಪ್ರತಿ ಯಾರಿಗಾದ್ರೂ ಬೇಕಿದ್ರೆ ಕೇಳಿ. ಯಲ್ಲಾಪುರದೋರು, ಚಾಮರಾಜನಗರದೋರು ಊರಿನ ಹೆಸರು ಬದಲಾಯಿಸಿ ನಿಮ್ಮ ಕಡೆಯ ಆಫೀಸಿಗೂ ಕೊಡಬಹುದು.